ಪೋಸ್ ಕೊಟ್ಟವರು ಯಾರು, ಕೊಡಿಸಿದವರು ಯಾರು? – ಪುಷ್ಪಮಾಲಾ ಎನ್. ಅವರ ಫೋಟೋಗಳನ್ನು ಓದುವ ಪಾಠ

ಈ ಸಲದ ಕಲಾಪಾಠಕ್ಕೆ ನಾವು ಆರಿಸಿಕೊಂಡಿರುವುದು ಪುಷ್ಪಮಾಲಾ ಎನ್. ಅವರನ್ನು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಶಿಲ್ಪಿಯಾಗಿ ಶುರು ಮಾಡಿ, ಆಮೇಲೆ ತಾವೇ ವೇಷ ಹಾಕಿಕೊಂಡು ಕ್ಯಾಮೆರಾದ ಮುಂದೆ ನಿಂತು ದೇಶವಿದೇಶಗಳಲ್ಲಿ ಹೆಸರಾದವರು. ಅವರ ಫೋಟೋಗಳಲ್ಲಿ ಒಂದು ವಿಚಿತ್ರ ಇದೆ. ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಬೇರೆ ಯಾರೋ. ಫೋಟೋದಲ್ಲಿ ಕಾಣುವ ಹೆಂಗಸು ಪುಷ್ಪಮಾಲಾ. ಆದರೂ ಕೃತಿ ಅವರದ್ದೇ ಎಂದು ಎಲ್ಲರೂ ಒಪ್ಪುತ್ತಾರೆ. ಸೆಲ್ಫಿಯೂ ಅಲ್ಲ, ಮಾಡೆಲಿಂಗೂ ಅಲ್ಲ. ಹಾಗಾದರೆ ಏನಿದು?

ಅವರು ಕೊಡಗಿನವರಲ್ಲ. ಆದರೆ ಅವರ ಅತ್ಯಂತ ಮುಖ್ಯ ಕೃತಿ ಎತ್ತುವ ಪ್ರಶ್ನೆ ಕೊಡಗಿಗೆ ನೇರವಾಗಿ ತಾಗುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಬೆಟ್ಟಗಳಲ್ಲಿ ಮನುಷ್ಯರನ್ನು ನಿಲ್ಲಿಸಿ, ತಲೆ, ಮೂಗು, ಎತ್ತರ ಅಳೆದು ಬರೆದುಕೊಂಡಿದ್ದಾರೆ. ಇವತ್ತು ನಾವು ಮೊಬೈಲ್ ಹಿಡಿದು ಅದೇ ಬೆಟ್ಟಗಳಲ್ಲಿ ಓಡಾಡುತ್ತೇವೆ. ಈ ಎರಡರ ನಡುವೆ ಏನಾದರೂ ಸಂಬಂಧ ಇದೆಯಾ ಎಂದು ನೋಡುವುದೇ ಈ ಲೇಖನದ ಕೆಲಸ.

ಮೊದಲು ಒಂದು ಪದದ ಅರ್ಥ

ಪುಷ್ಪಮಾಲಾ ಅವರನ್ನು 'ಕಾನ್ಸೆಪ್ಚುವಲ್ ಆರ್ಟಿಸ್ಟ್' ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಪರಿಕಲ್ಪನಾ ಕಲೆ ಅನ್ನಬಹುದು. ಕೈಚಳಕಕ್ಕಿಂತ ಹಿಂದಿರುವ ಯೋಚನೆಗೆ ಹೆಚ್ಚು ಬೆಲೆ ಕೊಡುವ ಕಲೆ ಇದು. ಎರಡು ಉದಾಹರಣೆ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

1965ರಲ್ಲಿ ಅಮೆರಿಕದ ಜೋಸೆಫ್ ಕೊಸುತ್ ಒಂದು ಕುರ್ಚಿ ಇಟ್ಟರು. ಪಕ್ಕದಲ್ಲಿ ಅದೇ ಕುರ್ಚಿಯ ಫೋಟೋ, ಇನ್ನೊಂದು ಪಕ್ಕದಲ್ಲಿ ನಿಘಂಟಿನಲ್ಲಿ 'ಕುರ್ಚಿ' ಪದಕ್ಕಿರುವ ಅರ್ಥ. ಇವುಗಳಲ್ಲಿ ಯಾವುದು ಕುರ್ಚಿ? ಕೃತಿ ಅಂದರೆ ಆ ಪ್ರಶ್ನೆಯೇ. ಸಾಲ್ ಲೆವಿಟ್ ಎಂಬ ಇನ್ನೊಬ್ಬರು 1968ರಿಂದ ಗೋಡೆ ಚಿತ್ರಗಳನ್ನು ಮಾಡತೊಡಗಿದರು. ಅವರು ಸೂಚನೆ ಬರೆದುಕೊಟ್ಟರೆ ಸಾಕು, ಆ ಪ್ರಕಾರ ಗೆರೆ ಎಳೆಯುವವರು ಬೇರೆಯವರಾಗಿರಬಹುದು. ನಮಗಂತೂ ಇದು ಅಪರಿಚಿತವೇನಲ್ಲ. ಅಲ್ಗಾರಿದಮ್ ಬರೆದವರು ಒಬ್ಬರು, ರನ್ ಮಾಡುವ ಮಷೀನು ಇನ್ನೊಂದು. ಪ್ಲಾನ್ ಹಾಕಿದ ಇಂಜಿನಿಯರ್ ಒಬ್ಬರು, ಗಾರೆ ಕಲಸಿದವರು ಇನ್ನೊಬ್ಬರು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಪುಷ್ಪಮಾಲಾ ಅವರ ಕೃತಿಯಲ್ಲಿ ಬಟನ್ ಒತ್ತುವುದು ಕೊನೆಯ ಒಂದು ಹಂತ, ಅಷ್ಟೇ. ಯಾವ ಹಳೆಯ ಚಿತ್ರವನ್ನು ಆರಿಸಬೇಕು, ಯಾವ ಸೀರೆ, ಯಾವ ಪರದೆ, ಯಾವ ಬೆಳಕು, ಕುತ್ತಿಗೆ ಎಷ್ಟು ಓರೆಯಾಗಬೇಕು ಎನ್ನುವುದನ್ನೆಲ್ಲ ಮೊದಲೇ ಯೋಚಿಸಿ ಕಟ್ಟಿರುತ್ತಾರೆ. ನಾಟಕದ ಬರಹಗಾರ್ತಿ, ನಿರ್ದೇಶಕಿ, ನಟಿ ಮೂರೂ ಒಬ್ಬರೇ. ಛಾಯಾಗ್ರಾಹಕರು ಜೊತೆಗಾರರು. ಅವರ ಹೆಸರನ್ನೂ ಕೃತಿಯ ಜೊತೆ ಹೇಳುವ ಪದ್ಧತಿ ಇದೆ.

ಮಣ್ಣಿನಿಂದ ಕ್ಯಾಮೆರಾಕ್ಕೆ

ಪುಷ್ಪಮಾಲಾ ಓದಿದ್ದು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ, ಶಿಲ್ಪಕಲೆ. ಎಂ.ಎ. ಮುಗಿದದ್ದು 1985ರಲ್ಲಿ. ಆ ಕಾಲದಲ್ಲಿ ಅವರು ಮಾಡುತ್ತಿದ್ದದ್ದು ಸುಟ್ಟ ಮಣ್ಣಿನ ಹೆಣ್ಣು ಆಕೃತಿಗಳು. 1986ರ ಆರನೇ ಭಾರತ ತ್ರೈವಾರ್ಷಿಕ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಮೂವತ್ತರ ವಯಸ್ಸಿನಲ್ಲಿ ಅಂಥ ಮನ್ನಣೆ ಸಿಕ್ಕವರು ಸಾಮಾನ್ಯವಾಗಿ ಅದೇ ದಾರಿಯಲ್ಲೇ ಉಳಿದುಬಿಡುತ್ತಾರೆ. ಇವರು ಉಳಿಯಲಿಲ್ಲ.

1990ರ ದಶಕದ ನಡುವಿನಲ್ಲಿ ದಿಕ್ಕು ಬದಲಾಯಿತು. 1996ರಿಂದ 98ರವರೆಗೆ ಮುಂಬೈಯಲ್ಲಿ 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಎಂಬ ಫೋಟೋ ಸರಣಿ ಮಾಡಿದರು. ಕ್ಯಾಮೆರಾ ಹಿಡಿದವರು ಮೀನಲ್ ಅಗರ್ವಾಲ್. ಹಳೆಯ ಹಿಂದಿ ಥ್ರಿಲ್ಲರ್ ಸಿನಿಮಾದ ಸ್ಟಿಲ್‌ಗಳ ಹಾಗೆ ಕಪ್ಪು ಬಿಳುಪು ಚಿತ್ರಗಳು. ಮುಖವಾಡ ತೊಟ್ಟ ಸಾಹಸಿ ಹೆಣ್ಣು, ಡಬಲ್ ರೋಲು, ಕತ್ತಲೆಯ ಮುಂಬೈ. 1935ರ 'ಹಂಟರ್‌ವಾಲಿ'ಯಲ್ಲಿ ಚಾವಟಿ ಬೀಸಿದ ಫಿಯರ್‌ಲೆಸ್ ನಾಡಿಯಾರ ನೆರಳು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಎರಡೂ ಪಾತ್ರ ಪುಷ್ಪಮಾಲಾ ಅವರದ್ದೇ.

1998ರ 'ಸುನಹರೇ ಸಪನೇ'ಯಲ್ಲಿ ಕಪ್ಪು ಬಿಳುಪು ಫೋಟೋಗಳಿಗೆ ಕೈಯಿಂದಲೇ ಬಣ್ಣ ಹಚ್ಚಿದರು. ಕಲರ್ ಫಿಲ್ಮ್ ಬರುವ ಮೊದಲು ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಮದುವೆ ಫೋಟೋಗೆ ಹೀಗೇ ಬಣ್ಣ ಹಚ್ಚುತ್ತಿದ್ದರು. ತುಟಿಗೆ ಒಂಚೂರು ಕೆಂಪು, ಸೀರೆಗೆ ಹಸಿರು. ಆ ಬಣ್ಣ ನಿಜದ್ದಲ್ಲ, ಆಸೆಯದ್ದು. ಒಬ್ಬ ಗೃಹಿಣಿ ಮತ್ತು ಅವಳ ಕನಸಿನ ಇನ್ನೊಬ್ಬ 'ನಾನು', ಈ ಕತೆಗೆ ಅದೇ ಹೊಂದುವ ತಂತ್ರ.

ಈ ತರಹ ತಮ್ಮನ್ನೇ ಸಿನಿಮಾ ಪಾತ್ರವಾಗಿಸಿಕೊಂಡ ಕಲಾವಿದೆಯರಲ್ಲಿ ಅಮೆರಿಕದ ಸಿಂಡಿ ಶರ್ಮನ್ ಹೆಸರು ಮೊದಲು ಬರುತ್ತದೆ. ಅವರ 'ಅನ್‌ಟೈಟಲ್ಡ್ ಫಿಲ್ಮ್ ಸ್ಟಿಲ್ಸ್' 1977ರಿಂದ 80ರ ನಡುವಿನದು. ಹೋಲಿಕೆ ಸಹಜ. ಆದರೆ ಒಂದು ವ್ಯತ್ಯಾಸ ನೆನಪಿಡಬೇಕು. ಶರ್ಮನ್ ಅವರ ಆ ಸ್ಟಿಲ್‌ಗಳಿಗೆ ಮೂಲ ಸಿನಿಮಾ ಇಲ್ಲ, ಎಲ್ಲವೂ ಎಲ್ಲೋ ನೋಡಿದಂತಿರುವ ಕಲ್ಪನೆ. ಪುಷ್ಪಮಾಲಾ ಮುಂದೆ ಮಾಡಿದ ದೊಡ್ಡ ಕೆಲಸದಲ್ಲಿ ಪ್ರತಿ ಚಿತ್ರಕ್ಕೂ ಒಂದು ನಿಜವಾದ ಹಳೆಯ ಮೂಲ ಇದೆ. ಮೂಲ ಯಾವುದು ಅಂತ ಗೊತ್ತಾದರೇನೇ ಚಿತ್ರ ಪೂರ್ತಿ ತೆರೆದುಕೊಳ್ಳುವುದು.

ಸೀಪಿಯಾ: ಒಂದಿಷ್ಟು ಕೆಮಿಸ್ಟ್ರಿ

2000ದಿಂದ 2003ರ ನಡುವೆ ಅವರು ಮುಂಬೈಯ ಹಿರಿಯ ಛಾಯಾಗ್ರಾಹಕ ಜೆ.ಎಚ್. ಠಕ್ಕರ್ ಅವರ ಸ್ಟುಡಿಯೋಗೆ ಹೋದರು. ಹಿಂದಿ ಸಿನಿಮಾ ತಾರೆಯರ ಹೊಳೆಯುವ ಭಾವಚಿತ್ರಗಳನ್ನು ತೆಗೆದು ಹೆಸರಾಗಿದ್ದವರು ಠಕ್ಕರ್. ಅವರ ಬೆಳಕು, ಅವರ ಕಲಿಕೆ, ಪುಷ್ಪಮಾಲಾ ಅವರ ಮುಖ. ಇದರಿಂದ ಹುಟ್ಟಿದ್ದು 'ನವರಸ' ಸರಣಿ. ಶೃಂಗಾರದಿಂದ ಶಾಂತದವರೆಗೆ ಒಂಬತ್ತು ರಸ, ಎಲ್ಲವೂ ಹಳೆಯ ಸಿನಿಮಾ ಭಾವಚಿತ್ರದ ಧಾಟಿಯಲ್ಲಿ, ಸೀಪಿಯಾ ಬಣ್ಣದಲ್ಲಿ.

ಇನ್‌ಸ್ಟಾಗ್ರಾಮ್‌ನಲ್ಲಿ ಸೀಪಿಯಾ ಒಂದು ಫಿಲ್ಟರ್. ಡಾರ್ಕ್‌ರೂಮಿನಲ್ಲಿ ಅದು ಒಂದು ರಾಸಾಯನಿಕ ಕ್ರಿಯೆ. ಕಪ್ಪು ಬಿಳುಪು ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವುದು ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳು. ಅದನ್ನು ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಬ್ರೋಮೈಡ್ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿ ಹೋಗಿ ಸಿಲ್ವರ್ ಬ್ರೋಮೈಡ್ ಆಗುತ್ತದೆ, ಚಿತ್ರ ಮಾಸಿಹೋದಂತೆ ಕಾಣುತ್ತದೆ. ಆಮೇಲೆ ಸೋಡಿಯಂ ಸಲ್ಫೈಡಿನಲ್ಲಿ ಹಾಕಿದರೆ ಅದು ಸಿಲ್ವರ್ ಸಲ್ಫೈಡ್ ಆಗಿ, ಕಂದು ಬಣ್ಣದಲ್ಲಿ ಚಿತ್ರ ಮರಳಿ ಬರುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಉಚಿತ. ಸಿಲ್ವರ್ ಸಲ್ಫೈಡ್ ಬರಿಯ ಬೆಳ್ಳಿಗಿಂತ ಸ್ಥಿರವಾದ ವಸ್ತು, ಗಾಳಿಯ ಮಾಲಿನ್ಯಕ್ಕೆ ಬೇಗ ಕೆಡುವುದಿಲ್ಲ. ಅಂದರೆ ಸೀಪಿಯಾ ಮೊದಲು ಬಾಳಿಕೆಯ ಉಪಾಯವೂ ಆಗಿತ್ತು. ಹಳೆಯ ಚಿತ್ರಗಳು ಕಂದಾಗಿ ಉಳಿದಿದ್ದರಿಂದ ಕಂದು ಅಂದರೆ ಹಳೆಯದು, ಹಳೆಯದು ಅಂದರೆ ನಿಜ ಎಂದು ನಮ್ಮ ಕಣ್ಣು ಕಲಿತುಬಿಟ್ಟಿದೆ.

ಪುಷ್ಪಮಾಲಾ ಆಡುವುದು ಈ ನಂಬಿಕೆಯ ಜೊತೆಗೇ. ಚಿತ್ರ ಕಂದಾಗಿದೆ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ದಾಖಲೆ ಅಂದುಕೊಳ್ಳುತ್ತೇವೆ. ನೋಡಿದರೆ ಅದು ನಿನ್ನೆ ಮೊನ್ನೆ ಸ್ಟುಡಿಯೋದಲ್ಲಿ ಕಟ್ಟಿದ ನಾಟಕ.

'ದಕ್ಷಿಣ ಭಾರತದ ದೇಶೀಯ ಹೆಂಗಸರು'

ಈಗ ಪಾಠದ ಮುಖ್ಯ ಭಾಗ. 2000ದಿಂದ 2004ರವರೆಗೆ ಪುಷ್ಪಮಾಲಾ ಮತ್ತು ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಸೇರಿ ಒಂದು ದೊಡ್ಡ ಯೋಜನೆ ಮಾಡಿದರು. 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. ಹೆಸರೇ ಒಂದು ಅಣಕು. 'ಇಂಥ ಜನರ ಆಚಾರ ವಿಚಾರಗಳು' ಎನ್ನುವ ತಲೆಬರಹದಲ್ಲಿ ಬ್ರಿಟಿಷ್ ಅಧಿಕಾರಿಗಳೂ ಪಾದ್ರಿಗಳೂ ಬರೆದ ಪುಸ್ತಕಗಳ ಧಾಟಿ ಅದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಈ ಯೋಜನೆಗೆ ಅನುದಾನ ಕೊಟ್ಟಿತ್ತು.

ದಕ್ಷಿಣದ ಹೆಂಗಸಿನ ಚಿತ್ರ ಎಲ್ಲೆಲ್ಲಿ ಅಚ್ಚಾಗಿ ಕೂತಿದೆಯೋ ಅಲ್ಲಿಂದೆಲ್ಲ ಮೂಲಗಳನ್ನು ಆರಿಸಿಕೊಂಡರು. ರಾಜಾ ರವಿವರ್ಮನ ಬೆಳದಿಂಗಳ ಹೆಣ್ಣು, ಕೆರೆಯಿಂದ ನೀರು ತರುವ ಹೆಣ್ಣು, ಮನೆಮನೆಯ ಗೋಡೆಯ ಮೇಲಿರುವ ಲಕ್ಷ್ಮಿ. ವೇಳಾಂಕಣ್ಣಿಯ ಮಾತೆ. ಬಿಜಾಪುರದ ಹಳೆಯ ಚಿತ್ರದ ಯೋಗಿನಿ. ನೀಲಗಿರಿಯ ತೋಡ ಹೆಂಗಸು. ಸಿನಿಮಾ ಸ್ಟಿಲ್‌ಗಳು. ಪತ್ರಿಕೆಯಲ್ಲಿ ಬಂದ, ಪೊಲೀಸರು ಹಿಡಿದ ಹೆಂಗಸರ ಫೋಟೋ. ದೇವಿಯಿಂದ ಆರೋಪಿವರೆಗೆ ಎಲ್ಲವೂ ಒಂದೇ ಆಲ್ಬಂನಲ್ಲಿ.

ಪ್ರತಿಯೊಂದನ್ನೂ ಸೀರೆ, ಒಡವೆ, ಬಣ್ಣ ಬಳಿದ ಪರದೆ ಸಮೇತ ಮತ್ತೆ ಕಟ್ಟಿದರು. ಎಲ್ಲದರಲ್ಲೂ ಪುಷ್ಪಮಾಲಾ. ಇನ್ನೂರಕ್ಕೂ ಹೆಚ್ಚು ಚಿತ್ರಗಳ ಯೋಜನೆ ಇದು. ಇದರಲ್ಲಿ 'ಪ್ರಾಸೆಸ್' ಎಂಬ ಒಂದು ಭಾಗವೂ ಇದೆ. ಪರದೆ ಎಳೆಯುವುದು, ಮೇಕಪ್ ಮಾಡುವುದು, ಸೆಟ್ಟು ನಿಲ್ಲಿಸುವುದು ಎಲ್ಲವನ್ನೂ ಅದರಲ್ಲಿ ತೋರಿಸಿದ್ದಾರೆ. ಜಾದೂಗಾರ ತನ್ನ ಟ್ರಿಕ್ಕನ್ನು ತಾನೇ ಬಿಚ್ಚಿಟ್ಟ ಹಾಗೆ. ಮೋಸ ಮಾಡುವ ಉದ್ದೇಶವಿದ್ದಿದ್ದರೆ ಇದನ್ನು ಅಡಗಿಸುತ್ತಿದ್ದರು. 'ಚಿತ್ರ ಅಂದರೆ ಕಟ್ಟಿದ್ದು, ಕಟ್ಟಿದವರು ಯಾರೆಂದು ಕೇಳಿ' ಎನ್ನುವುದೇ ಅವರ ವಾದ.

ಒಂದೇ ಮುಖ ಎಲ್ಲ ಕಡೆ ಬಂದರೆ ಏನಾಗುತ್ತದೆ? 'ತೋಡ', 'ಯೋಗಿನಿ', 'ಅಪರಾಧಿ' ಎಂಬ ಮಾದರಿಗಳು ಸಡಿಲವಾಗುತ್ತವೆ. ಪರದೆ ಬದಲಾಯಿಸಿ, ಸೀರೆ ಉಡುವ ರೀತಿ ಬದಲಾಯಿಸಿ, ಅದೇ ವ್ಯಕ್ತಿ ಇನ್ನೊಂದು 'ಜಾತಿ' ಆಗಿಬಿಟ್ಟಳು. ಹಾಗಾದರೆ ಮೂಲ ಚಿತ್ರಗಳಲ್ಲಿ ಕಂಡ 'ಜಾತಿಯ ಲಕ್ಷಣ'ದಲ್ಲಿ ಮೈಯಿಂದ ಬಂದದ್ದೆಷ್ಟು, ಪರದೆಯಿಂದ ಬಂದದ್ದೆಷ್ಟು?

ಚೌಕಳಿ ಪರದೆ ಮತ್ತು ನಮ್ಮ ಕೊಡಗು

ಈ ಯೋಜನೆಯ ಇನ್ನೊಂದು ಭಾಗ 'ಎಥ್ನೋಗ್ರಾಫಿಕ್' ಸರಣಿ. ಹತ್ತೊಂಬತ್ತನೇ ಶತಮಾನದಲ್ಲಿ ಮನುಷ್ಯರನ್ನು ಅಳತೆಗೆ ನಿಲ್ಲಿಸಿ ತೆಗೆದ ಫೋಟೋಗಳ ಅನುಕರಣೆ ಅದು. ಅದರ ಹಿಂದಿನ ತಂತ್ರ ನಮಗೆ, ಗ್ರಾಫ್ ಶೀಟ್ ಹಿಡಿದು ಬದುಕುವವರಿಗೆ, ಬಹಳ ಬೇಗ ಅರ್ಥವಾಗುತ್ತದೆ.

1869ರಲ್ಲಿ ಜೆ.ಎಚ್. ಲ್ಯಾಂಪ್ರಿ ಎಂಬ ಬ್ರಿಟಿಷರೊಬ್ಬರು ಮರದ ಚೌಕಟ್ಟಿಗೆ ರೇಷ್ಮೆ ದಾರಗಳನ್ನು ಎಳೆದು ಕಟ್ಟಿ, ಎರಡೆರಡು ಇಂಚಿನ ಚೌಕಗಳ ಜಾಲರಿ ಮಾಡಿದರು. ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಫೋಟೋ ತೆಗೆದರೆ ಎಲ್ಲ ದೇಶದವರ ಮೈಯನ್ನೂ ಒಂದೇ ಸ್ಕೇಲಿನಲ್ಲಿ ಹೋಲಿಸಬಹುದು ಎಂಬುದು ಲೆಕ್ಕ. 1890ರ ದಶಕದಲ್ಲಿ ಅಂಡಮಾನ್‌ನಲ್ಲಿ ಎಂ.ವಿ. ಪೋರ್ಟ್‌ಮನ್ ಎಂಬ ಅಧಿಕಾರಿ ಅಲ್ಲಿನ ಮೂಲನಿವಾಸಿಗಳನ್ನು ಚದುರಂಗದ ಮಣೆಯಂಥ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಇತ್ತ 1868ರಿಂದ 1875ರ ನಡುವೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ನಾನೂರಕ್ಕೂ ಹೆಚ್ಚು ಫೋಟೋಗಳು, ಪ್ರತಿಯೊಂದರ ಜೊತೆ ಈ ಜಾತಿಯವರು ಹೀಗೆ, ಆ ಜಾತಿಯವರು ಹಾಗೆ ಎಂಬ ಷರಾ. 1857ರ ದಂಗೆಯ ನಂತರ ಆಳುವವರಿಗೆ ತಾವು ಆಳುತ್ತಿರುವುದು ಯಾರನ್ನು ಎಂಬ ಅಂಜಿಕೆ ಹತ್ತಿತ್ತು. ಫೋಟೋ ಆ ಅಂಜಿಕೆಗೆ ಮದ್ದು. ಕೊಡವರ ಫೋಟೋಗಳೂ ಆ ಸಂಪುಟಗಳಲ್ಲಿವೆ.

ಕೊಡಗಿನ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1901ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಟಿ.ಎಚ್. ಹಾಲೆಂಡ್ ಅವರ ಒಂದು ದೀರ್ಘ ಲೇಖನ ಬಂತು. ವಿಷಯ: ಕೊಡವರು ಮತ್ತು ಎರವರು. ಇಬ್ಬರ ಮೈಯಳತೆಗಳ ಹೋಲಿಕೆ. ಹಾಲೆಂಡ್ ಯಾರು? ಭೂವಿಜ್ಞಾನಿ. ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾದವರು. ಸಿವಿಲ್ ಬ್ರಾಂಚಿನವರು ಜಿಯಾಲಜಿ ಲ್ಯಾಬಿನಲ್ಲಿ ಕೈಯಲ್ಲಿ ಹಿಡಿಯುವ ಚಾರ್ನೊಕೈಟ್ ಕಲ್ಲಿಗೆ ಹೆಸರಿಟ್ಟವರು ಇವರೇ. ಕಲ್ಲಿನ ಸ್ಯಾಂಪಲ್ಲನ್ನು ಅಳೆದು ವರ್ಗೀಕರಿಸುವ ಶಿಸ್ತನ್ನೇ ಮನುಷ್ಯರ ಮೇಲೂ ಹೂಡಿದರು. ಕಲ್ಲು ಎದುರು ಮಾತಾಡುವುದಿಲ್ಲ. ಅಳತೆಗೆ ನಿಂತ ಎರವ ಮಾತಾಡಬಲ್ಲವನು, ಆದರೆ ಅವನ ಮಾತಿಗೆ ಆ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.

ಅಳತೆ ಸರಿ, ತೀರ್ಮಾನ?

ಆ ಕಾಲದ ಅಳತೆಗಾರರ ಮೆಚ್ಚಿನ ಸಂಖ್ಯೆ 'ಸೆಫಾಲಿಕ್ ಇಂಡೆಕ್ಸ್'. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು. ಕ್ಯಾಲಿಪರ್ ಹಿಡಿಯಲು ಬಂದರೆ ಸಾಕು, ಯಾರು ಬೇಕಾದರೂ ಮಾಡಬಹುದು. ಒಬ್ಬನದು 76, ಇನ್ನೊಬ್ಬನದು 80 ಎಂದಿಟ್ಟುಕೊಳ್ಳಿ. ಈ ಎರಡು ಸಂಖ್ಯೆಗಳಿಂದ 'ಇವರು ಬೇರೆ ಜನಾಂಗ, ಅವರು ಬೇರೆ ಜನಾಂಗ, ಇವರು ಮೇಲು, ಅವರು ಕೀಳು' ಎಂಬ ತೀರ್ಮಾನಕ್ಕೆ ಹಾರುವುದು ಆ ಕಾಲದ ರೂಢಿ.

ಮೆಷರ್‌ಮೆಂಟ್ ಲ್ಯಾಬಿನಲ್ಲಿ ನಮಗೆ ಹೇಳಿಕೊಡುವ ಪಾಠ ನೆನಪಿಸಿಕೊಳ್ಳಿ. ಉಪಕರಣ ಎಷ್ಟು ನಿಖರವಾಗಿದ್ದರೂ, ನಾವು ಅಳೆಯುತ್ತಿರುವುದು ನಾವು ತಿಳಿದುಕೊಳ್ಳಬೇಕಾದದ್ದನ್ನೇ ಎಂಬ ಖಾತ್ರಿ ಅದರಿಂದ ಬರುವುದಿಲ್ಲ. 1912ರ ಹೊತ್ತಿಗೆ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅಮೆರಿಕದಲ್ಲಿ ಸುಮಾರು 18,000 ವಲಸಿಗರನ್ನೂ ಅವರ ಮಕ್ಕಳನ್ನೂ ಅಳೆದು, ಒಂದೇ ತಲೆಮಾರಿನಲ್ಲಿ ತಲೆಯ ಆಕಾರದ ಸರಾಸರಿ ಬದಲಾಗುತ್ತದೆ ಎಂದು ತೋರಿಸಿದರು. ಸ್ಥಿರಾಂಕ ಎಂದುಕೊಂಡದ್ದು ಚರಾಂಕವಾಗಿತ್ತು.

ಕೊಡಗಿನ ಉದಾಹರಣೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಅಳತೆಗೆ ಒಂದು ಕಡೆ ನಿಂತವರು ಭೂಮಿ ಇದ್ದವರು, ಇನ್ನೊಂದು ಕಡೆ ನಿಂತವರು ತಲೆಮಾರುಗಳಿಂದ ಆ ಭೂಮಿಯಲ್ಲಿ ಜೀತಕ್ಕೆ ದುಡಿದವರು. ಒಬ್ಬರಿಗೆ ಹೊಟ್ಟೆ ತುಂಬ ಊಟ, ಇನ್ನೊಬ್ಬರಿಗೆ ಅಳೆದು ಕೊಟ್ಟ ಭತ್ತ. ಎತ್ತರಕ್ಕೂ ಊಟಕ್ಕೂ ಸಂಬಂಧ ಇದೆ ಎನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಡ. ಹಾಗಿದ್ದಾಗ ಅಳತೆಪಟ್ಟಿಯಲ್ಲಿ ಕಂಡ ವ್ಯತ್ಯಾಸದಲ್ಲಿ ರಕ್ತದ್ದೆಷ್ಟು, ಬಡತನದ್ದೆಷ್ಟು? ಇದನ್ನು ಬಿಡಿಸದೆ ಇಡೀ ವ್ಯತ್ಯಾಸವನ್ನು ಜನಾಂಗದ ಖಾತೆಗೆ ಬರೆದರೆ, ಅನ್ಯಾಯವೊಂದು ಪ್ರಕೃತಿ ನಿಯಮದ ವೇಷ ಹಾಕಿಕೊಂಡ ಹಾಗಾಗುತ್ತದೆ.

ಪುಷ್ಪಮಾಲಾ ಇದನ್ನೆಲ್ಲ ಪ್ರಬಂಧವಾಗಿ ಬರೆಯುವುದಿಲ್ಲ. ಚೌಕಳಿ ಪರದೆ ನೇತುಹಾಕಿ, ವೇಷ ಹಾಕಿ, ಅದರ ಮುಂದೆ ನಿಲ್ಲುತ್ತಾರೆ. ನೋಡಿದವರಿಗೆ ಮೊದಲು ನಗು ಬರುತ್ತದೆ. ನಗು ಮುಗಿದ ಮೇಲೆ, ಇದೇ ಪರದೆಯ ಮುಂದೆ ತಮಾಷೆಗಲ್ಲದೆ ನಿಂತವರ ನೆನಪಾಗುತ್ತದೆ. ಅವರ ಕಲೆ ಕೆಲಸ ಮಾಡುವುದು ಹೀಗೆ.

ಆಕ್ಷೇಪವೂ ಇರಲಿ

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಓದಿದ ಕಲಾವಿದೆ ತೋಡ ಹೆಂಗಸಿನ ವೇಷ ಹಾಕುವುದು ಸರಿಯೇ? ಅದೂ ಒಂದು ರೀತಿಯಲ್ಲಿ ಅವರ ಜಾಗವನ್ನು ತಾನು ತೆಗೆದುಕೊಂಡಂತೆ ಆಗುವುದಿಲ್ಲವೇ? ನಮ್ಮ ಕ್ಲಬ್ಬಿನ ಚರ್ಚೆಯಲ್ಲಿ ಇದರ ಬಗ್ಗೆ ಒಮ್ಮತ ಬರಲಿಲ್ಲ, ಬರಬೇಕಾಗಿಯೂ ಇಲ್ಲ.

ಒಂದು ಕಡೆಯ ವಾದ: ಅವರು ಅನುಕರಿಸುತ್ತಿರುವುದು ತೋಡರನ್ನಲ್ಲ, ತೋಡರನ್ನು ತೆಗೆದ ಫೋಟೋವನ್ನು. ಗುರಿ ಇರುವುದು ಕ್ಯಾಮೆರಾದ ಕಡೆಗೆ. ರವಿವರ್ಮನ ಲಕ್ಷ್ಮಿಯನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದಾರೆ. ಇನ್ನೊಂದು ಕಡೆಯ ವಾದ: ಗುರಿ ಏನೇ ಇರಲಿ, ಕೊನೆಗೂ ಗ್ಯಾಲರಿಯ ಗೋಡೆಯ ಮೇಲೆ ತೋಡ ಹೆಂಗಸು ಇಲ್ಲ, ಅವಳ ವೇಷ ಇದೆ. ಮೂಲ ಫೋಟೋದಲ್ಲಿ ಹೆಸರಿಲ್ಲದೆ ನಿಂತವಳು ಇಲ್ಲೂ ಹೆಸರಿಲ್ಲದೆ ಉಳಿದಳು. ಎರಡೂ ವಾದದಲ್ಲಿ ಹುರುಳಿದೆ. ನಮಗೆ ಕಾಣುವುದು ಇಷ್ಟು: ಆ ಫೋಟೋಗಳ ಜೊತೆ ಅವು ಹೇಗೆ ತಯಾರಾದವು ಎಂಬುದನ್ನೂ ತೋರಿಸಿದ್ದರಿಂದಲೇ ಈ ಪ್ರಶ್ನೆ ಕೇಳುವ ಧೈರ್ಯ ನೋಡುವವರಿಗೆ ಬರುತ್ತದೆ. ಬ್ರಿಟಿಷರ ಎಂಟು ಸಂಪುಟಗಳು ಆ ಅವಕಾಶ ಕೊಟ್ಟಿರಲಿಲ್ಲ.

ಆಮೇಲಿನ ದಾರಿ

ಮುಂದಿನ ಕೆಲಸಗಳನ್ನು ಚುಟುಕಾಗಿ ನೋಡೋಣ. 2004ರ 'ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್' ಎಂಬ ವಿಡಿಯೋ ಅಡುಗೆ ಪುಸ್ತಕಗಳ ಮೂಲಕ ಹೊಸ ಸ್ವತಂತ್ರ ಭಾರತದ ಆದರ್ಶ ಕುಟುಂಬವನ್ನು ನೋಡುತ್ತದೆ. ಭಾರತಮಾತೆಯ ಚಿತ್ರಗಳ ಮೇಲೆ ಅವರು ಹಲವು ವರ್ಷ ಕೆಲಸ ಮಾಡಿದರು. 2012ರ 'ಆವೇಗ' ರಾಮಾಯಣದ ಹೆಂಗಸರ ಸುತ್ತ ಕಟ್ಟಿದ್ದು. ಅದರಲ್ಲಿ ಸೀತೆಯ ಜೊತೆ ಕೈಕೇಯಿ, ಶೂರ್ಪನಖಿಯರೂ ಇದ್ದಾರೆ.

2014ರ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ಅವರು ವಾಸ್ಕೋ ಡ ಗಾಮನೇ ಆದರು. ಪೋರ್ಚುಗೀಸ್ ಚಿತ್ರಕಾರ ವೆಲೋಸೊ ಸಾಲ್ಗಾಡೊ 1898ರಲ್ಲಿ ಬರೆದ, ಗಾಮ ಕಲ್ಲಿಕೋಟೆಯ ಸಾಮೂದಿರಿಯ ಮುಂದೆ ನಿಂತ ದೃಶ್ಯವನ್ನು ಫೋಟೋದಲ್ಲಿ ಮತ್ತೆ ಕಟ್ಟಿದರು. ಆ ವರ್ಷದ ಲೆಕ್ಕ ಗಮನಿಸಿ. ಗಾಮ ಬಂದದ್ದು 1498ರಲ್ಲಿ, ಚಿತ್ರ ಬರೆದದ್ದು ಸರಿಯಾಗಿ ನಾನೂರು ವರ್ಷಗಳ ನಂತರ, ಕಣ್ಣಾರೆ ಕಂಡವರು ಯಾರೂ ಇಲ್ಲದಾಗ. ಇತಿಹಾಸದ ಚಿತ್ರ ಅಂದುಕೊಂಡದ್ದು ಉತ್ಸವದ ಚಿತ್ರವಾಗಿತ್ತು.

ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಮರುವರ್ಷ ಪುಷ್ಪಮಾಲಾ ಮಾಡಿದ ವಿಡಿಯೋದ ಹೆಸರು 'ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು'. ಗೆಳತಿಯ ಪಾಕವಿಧಾನದ ಪ್ರಕಾರ ಸಾರು ಮಾಡುವುದೇ ಆ ಕೃತಿ. ಘೋಷಣೆ, ಭಾಷಣದ ಬದಲು ಒಲೆಯ ಮುಂದೆ ನಿಂತು ನೆನೆಯುವುದು. ಅರ್ಜೆಂಟ್ ಎನ್ನುವ ಪದ ನಮ್ಮ ಮನೆಗಳಲ್ಲಿ ದಿನಾ ಕೇಳುವಂಥದ್ದು, ಈ ಸಂದರ್ಭದಲ್ಲಿ ಅದರ ತೂಕವೇ ಬೇರೆ.

ತಾಮ್ರದ ಫಲಕಗಳ ಮೇಲೆ ಹಳೆಯ ಲಿಪಿಗಳನ್ನು ಕೆತ್ತಿ, ಶಾಸನಗಳನ್ನು ನೆನಪಿಸುವ ಕೆಲಸವನ್ನೂ ಮಾಡಿದ್ದಾರೆ. ಶಿಲ್ಪಿಯ ಕೈ ಮತ್ತೆ ಲೋಹಕ್ಕೆ ಮರಳಿತು ಅನ್ನಬಹುದು. 2019ರ ಚೆನ್ನೈ ಫೋಟೋ ಬಿನಾಲೆಗೆ ಕಲಾ ನಿರ್ದೇಶಕಿಯಾಗಿದ್ದರು. ಬೆಂಗಳೂರಿನಲ್ಲಿ ಅವರು ನಡೆಸುವ ಮಾತುಕತೆಯ ವೇದಿಕೆಗೆ ಇಟ್ಟ ಹೆಸರು 'ಸೋಂಬೇರಿಕಟ್ಟೆ'. ಊರಲ್ಲಿ ಕೆಲಸವಿಲ್ಲದವರು ಕೂತು ಹರಟುವ ಕಟ್ಟೆ. ಕ್ಯಾಂಟೀನ್ ಎದುರಿನ ಕಟ್ಟೆ ಬಿಟ್ಟು ಏಳದ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಿಕ್ಕಿಲ್ಲ!

ನಮ್ಮ ಕೈಯಲ್ಲಿರುವ ಕ್ಯಾಮೆರಾ

ಈಗ ನಮ್ಮ ಸರದಿ. ಗೂಗಲ್‌ನಲ್ಲಿ 'ಕೂರ್ಗ್' ಅಂತ ಹಾಕಿ ನೋಡಿ. ಮಂಜು, ಕಾಫಿ ಹೂವು, ಜಲಪಾತ, ರೆಸಾರ್ಟು, ಕುಪ್ಯ ಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿದ ಗಂಡಸು, ಹಿಂದಕ್ಕೆ ನೆರಿಗೆ ಬಿಟ್ಟು ಸೀರೆಯುಟ್ಟ ಹೆಂಗಸು. ಇವು ಸುಳ್ಳಲ್ಲ. ಕೈಲ್‌ಪೊಳ್ದ್, ಪುತ್ತರಿ ದಿನ ಐನ್‌ಮನೆಗಳಲ್ಲಿ ಇವನ್ನು ಅಕ್ಕರೆಯಿಂದಲೇ ಉಡುತ್ತಾರೆ. ಆದರೆ ಚೌಕಟ್ಟಿನ ಹೊರಗೆ ಎಷ್ಟೊಂದು ಜನ ಉಳಿದರು ನೋಡಿ. ಎರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು, ಅರೆಭಾಷೆ ಮಾತಾಡುವ ಗೌಡರು, ಬ್ಯಾರಿಗಳು, ಮಲಯಾಳಿಗಳು, ಲೈನ್‌ಮನೆಗಳಲ್ಲಿ ಬದುಕುವ ತೋಟದ ಕೆಲಸಗಾರರು. ಕೊಡಗು ಅಂದರೆ ಇವರೂ ಹೌದು. ಇವರ ಫೋಟೋ ಬರುವುದು ಹೆಚ್ಚಾಗಿ ಎರಡೇ ಸಂದರ್ಭದಲ್ಲಿ: 'ಬುಡಕಟ್ಟು ನೃತ್ಯ' ಎಂಬ ಶೀರ್ಷಿಕೆಯ ಕೆಳಗೆ, ಇಲ್ಲವೇ ಕಷ್ಟದ ಸುದ್ದಿಯಲ್ಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಕೊಡಗಿನ ಫೋಟೋಗಳು ದೇಶವೆಲ್ಲ ಹರಿದಾಡಿದವು. ಅವುಗಳಿಂದ ನೆರವು ಬಂತು ಎಂಬುದೂ ನಿಜ. ಆದರೆ ಮನೆ ಕಳೆದುಕೊಂಡು ಕೂತವರ ಎದುರಿಗೆ ಮೊಬೈಲ್ ಎತ್ತುವ ಮೊದಲು 'ತೆಗೀಬಹುದಾ?' ಎಂದು ಕೇಳಿದವರು ಎಷ್ಟು ಜನ? ಎನ್‌ಎಸ್‌ಎಸ್ ಕ್ಯಾಂಪಿಗೆ ಹಾಡಿಗೆ ಹೋದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ತೆಗೆದು, 'ಎ ಡೇ ವಿತ್ ಟ್ರೈಬಲ್ ಕಿಡ್ಸ್' ಎಂದು ಸ್ಟೇಟಸ್ ಹಾಕುವುದಿದೆಯಲ್ಲ, ಅದರಲ್ಲಿ ನಮ್ಮೆಲ್ಲರ ಹೆಸರು ಟ್ಯಾಗ್ ಆಗಿರುತ್ತದೆ, ಆ ಮಕ್ಕಳ ಹೆಸರು ಮಾತ್ರ ಇರುವುದಿಲ್ಲ. ಚೌಕಳಿ ಪರದೆ ಕಾಣದಿರಬಹುದು. ಷರಾ ಮಾತ್ರ ಹಳೆಯದೇ.

ಇದರ ಅರ್ಥ ಫೋಟೋ ತೆಗೆಯಬೇಡಿ ಅಂತಲ್ಲ. ತೆಗೆಯುವ ಮೊದಲು, ನೋಡುವ ಮೊದಲು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಪುಷ್ಪಮಾಲಾ ಅವರ ಕೆಲಸದಿಂದ ನಾವು ಹೆಕ್ಕಿಕೊಂ​ಡವು ಇವು:

1. ಈ ಫೋಟೋ ಯಾರಿಗೆ ಬೇಕಾಗಿತ್ತು? ತೆಗೆದವರಿಗೋ, ಅದರಲ್ಲಿರುವವರಿಗೋ?
2. ಬಟ್ಟೆ, ಜಾಗ, ನಿಲ್ಲುವ ಭಂಗಿಯನ್ನು ಆರಿಸಿದವರು ಯಾರು?
3. ಶೀರ್ಷಿಕೆಯಲ್ಲಿ ವ್ಯಕ್ತಿಯ ಹೆಸರಿದೆಯೋ, ಜಾತಿಯ ಹೆಸರು ಮಾತ್ರ ಇದೆಯೋ?
4. ಚೌಕಟ್ಟಿನ ಹೊರಗೆ ಏನು, ಯಾರು ಉಳಿದರು?
5. ಬಣ್ಣ, ಫಿಲ್ಟರ್, ಪರದೆ ನಮ್ಮಲ್ಲಿ ಯಾವ ನಂಬಿಕೆ ಹುಟ್ಟಿಸುತ್ತಿವೆ?
6. ಈ ಫೋಟೋ ಅದರಲ್ಲಿರುವವರ ಕೈಗೆ ಯಾವತ್ತಾದರೂ ತಲುಪಿತೇ?

ಆರನೆಯದಕ್ಕೆ ಹೆಚ್ಚು ಒತ್ತು ಕೊಡಿ. ಹಾಲೆಂಡರ ಲೇಖನವನ್ನು ಅಳತೆಗೆ ನಿಂತ ಎರವರು ಯಾರೂ ಓದಿರಲಿಕ್ಕಿಲ್ಲ. ನಮಗೆ ಆ ನೆಪ ಇಲ್ಲ. ಒಂದು ಪ್ರಿಂಟ್ ಹಾಕಿಸಿ ಕೊಟ್ಟು ಬರಲು ಮಡಿಕೇರಿಯಲ್ಲೂ ಗೋಣಿಕೊಪ್ಪದಲ್ಲೂ ಸ್ಟುಡಿಯೋಗಳಿವೆ.

ಅಭ್ಯಾಸ

ಪಾಠ ಅಂದ ಮೇಲೆ ಅಸೈನ್‌ಮೆಂಟ್ ಇರಲೇಬೇಕಲ್ಲ. ಇಂಟರ್ನಲ್ಸ್ ಮಾರ್ಕ್ಸ್ ಇಲ್ಲ, ಹೆದರಬೇಡಿ.

ನಿಮ್ಮ ಮನೆಯಲ್ಲಿರುವ ಒಂದು ಹಳೆಯ ಫೋಟೋ ಆರಿಸಿಕೊಳ್ಳಿ. ಅಜ್ಜ ಅಜ್ಜಿಯ ಸ್ಟುಡಿಯೋ ಫೋಟೋ ಆದರೆ ಒಳ್ಳೆಯದು. ಮೇಲಿನ ಆರು ಪ್ರಶ್ನೆಗಳನ್ನು ಮನೆಯ ಹಿರಿಯರಿಗೆ ಕೇಳಿ, ಉತ್ತರ ಬರೆದುಕೊಳ್ಳಿ. ಆ ಸೀರೆ ಯಾರದ್ದು, ಕೈಗಡಿಯಾರ ಸ್ವಂತದ್ದೋ ಸ್ಟುಡಿಯೋದವರದ್ದೋ, ಹಿಂದಿನ ಪರದೆಯ ತಾಜಮಹಲು ಎಲ್ಲಿಯದು ಎಂದು ಕೇಳುತ್ತಾ ಹೋದರೆ ಕತೆಗಳು ತಾವಾಗಿಯೇ ಬರುತ್ತವೆ. ಆಮೇಲೆ ಅದೇ ಫೋಟೋವನ್ನು ನೀವೇ ವೇಷ ಹಾಕಿ ಮತ್ತೆ ಕಟ್ಟಿ. ಗೆಳೆಯರೊಬ್ಬರು ಕ್ಯಾಮೆರಾ ಹಿಡಿಯಲಿ. ಅಜ್ಜಿಯ ಹಾಗೆ ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕೈ ಎಲ್ಲಿಡಬೇಕೆಂದು ತಿಳಿಯದೆ, ನಗದೆ ಐದು ನಿಮಿಷ ಕೂತು ನೋಡಿ. ಆ ಪೋಸ್ ಅವರು ಕೊಟ್ಟದ್ದಾ, ಅವರಿಂದ ಕೊಡಿಸಿದ್ದಾ ಎನ್ನುವುದು ಓದಿನಿಂದ ತಿಳಿಯುವುದಕ್ಕಿಂತ ಚೆನ್ನಾಗಿ ಬೆನ್ನಿಗೆ ತಿಳಿಯುತ್ತದೆ.

ಎರಡೂ ಫೋಟೋಗಳನ್ನು, ಜೊತೆಗೆ ಒಂದು ಪುಟದ ಬರಹವನ್ನು ಕ್ಲಬ್ಬಿಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಫೋಟೋದಲ್ಲಿರುವವರನ್ನು ಕೇಳಿಯೇ ಕೊಡಿ. ಮತ್ತೆ, ಅವರ ಹೆಸರು ಬರೆಯುವುದನ್ನು ಮರೆಯಬೇಡಿ.